ಅಂಟು, ಮರ, ಗಾಳಿ

ಮೇಜಿನ ಮೇಲೆ ರೆಕ್ಕೆ ಅಂಗಾತ ಮಲಗಿದೆ. ಬಟ್ಟೆ ಬಿಚ್ಚಿಯಾಗಿದೆ. ಇಷ್ಟು ವರ್ಷ ಅದರಡಿ ಅವಿತಿದ್ದ ರಿಬ್ಬುಗಳು ಈಗ ಸಾಲಾಗಿ ಕಾಣುತ್ತಿವೆ. ಒಂದೊಂದೂ ಬೆರಳಿಗಿಂತ ಸಣ್ಣ ಸ್ಪ್ರೂಸ್ ಕಡ್ಡಿಗಳನ್ನು ಕತ್ತರಿಸಿ, ಬಾಗಿಸಿ, ಅಂಟಿಸಿ ಮಾಡಿದ್ದು. ಹೊರಗೆ ಹಿಮ ಸುರಿಯುತ್ತಿದೆ. ಒಳಗೆ ಹೀಟರ್ ಉರಿಯುತ್ತಿದೆ. ಕೆಲಸ ಮಾಡುವವರಿಗಿಂತ ಅಂಟಿಗೆ ಅದು ಹೆಚ್ಚು ಬೇಕು. ಕೋಣೆ ತಣ್ಣಗಿದ್ದರೆ ಅಂಟು ಸರಿಯಾಗಿ ಕಚ್ಚುವುದಿಲ್ಲ.

ಜರ್ಮನಿಯ ರೋನ್ ಗುಡ್ಡಗಳಿಂದ ಇಂಗ್ಲೆಂಡಿನ ಹ್ಯಾಂಪ್‌ಶೈರ್‌ವರೆಗೆ, ಹಳೆಯ ಗ್ಲೈಡರುಗಳನ್ನು ಸಾಕಿಕೊಂಡಿರುವ ಕ್ಲಬ್ಬುಗಳ ಶೆಡ್ಡಿನಲ್ಲಿ ಚಳಿಗಾಲದ ನೋಟ ಹೆಚ್ಚುಕಡಿಮೆ ಇದೇ. ಬೇಸಿಗೆಯೆಲ್ಲ ಹಾರಾಟ, ಚಳಿಗಾಲವೆಲ್ಲ ರಿಪೇರಿ. ಬಂದವರು ಬಹುಪಾಲು ಸಂಬಳವಿಲ್ಲದ ಆಳುಗಳು: ನಿವೃತ್ತ ಎಂಜಿನಿಯರು, ಬಡಗಿ, ಶಾಲಾ ಮೇಷ್ಟ್ರು, ಜೊತೆಗೆ ಹಾರಾಟ ಕಲಿಯುತ್ತಿರುವ ಒಬ್ಬಿಬ್ಬರು ಹುಡುಗರು. ಒಬ್ಬರು ಟಾರ್ಚ್ ಹಿಡಿಯುತ್ತಾರೆ, ಇನ್ನೊಬ್ಬರು ಹಲ್ಲಿನ ಡಾಕ್ಟರು ಬಳಸುವ ಪುಟ್ಟ ಕನ್ನಡಿಯನ್ನು ರಿಬ್ಬುಗಳ ಸಂದಿಗೆ ತೂರಿಸಿ ಇಣುಕುತ್ತಾರೆ.

ಹಳೆಯ ಗ್ಲೈಡರಿನ ತಪಾಸಣೆಗೆ ಮೊದಲು ಬೇಕಾಗುವುದು ಕಿವಿ ಮತ್ತು ಮೂಗು. ಉಗುರಿನಿಂದಲೋ ನಾಣ್ಯದಿಂದಲೋ ಪ್ಲೈವುಡ್ಡನ್ನು ತಟ್ಟುತ್ತಾ ಹೋಗುತ್ತಾರೆ. ‘ಟಕ್ ಟಕ್’ ಎಂದು ಗಟ್ಟಿ ಸದ್ದು ಬಂದರೆ ಮುಂದಕ್ಕೆ. ‘ಡಪ್’ ಎಂದು ಸದ್ದು ಅಡಗಿದರೆ ಅಲ್ಲೊಂದು ಪೆನ್ಸಿಲ್ ಗುರುತು. ಒಳಗೆ ಹಲಗೆ ಅಂಟು ಬಿಟ್ಟುಕೊಂಡಿದೆ. ಮುಗ್ಗಲು ವಾಸನೆ ಬಂತೆಂದರೆ ಯಾವತ್ತೋ ನೀರು ಹೊಕ್ಕಿದೆ. ಇಲಿ ಗೂಡು ಕಟ್ಟಿದ್ದರಂತೂ ಫಜೀತಿ. ಅದರ ಉಚ್ಚೆ ಮರವನ್ನೂ ಬಿಡುವುದಿಲ್ಲ, ಅಂಟನ್ನೂ ಬಿಡುವುದಿಲ್ಲ, ಉಕ್ಕಿನ ಫಿಟ್ಟಿಂಗುಗಳನ್ನೂ ಬಿಡುವುದಿಲ್ಲ.

ಗುರುತು ಹಾಕಿದ ಜಾಗದಲ್ಲಿ ತೆಳು ಚಾಕು ತೂರಿಸಿ ಹಲಗೆಯನ್ನು ಎಬ್ಬಿಸುತ್ತಾರೆ. ಆಗ ಎಲ್ಲರೂ ಬಗ್ಗಿ ನೋಡುವುದು ಅದರ ಹಿಂಬದಿಯನ್ನು. ಅಲ್ಲಿ ಮರದ ನಾರು ಕಿತ್ತು ಬಂದಿದ್ದರೆ ಸಮಾಧಾನ: ಅಂಟು ಬಿಡಲಿಲ್ಲ, ಮರವೇ ಹರಿಯಿತು. ನಾರಿನ ಸುಳಿವೇ ಇಲ್ಲದೆ ನುಣುಪಾಗಿ ಹೊಳೆಯುತ್ತಿದ್ದರೆ ಮಾತು ಕಡಿಮೆಯಾಗುತ್ತದೆ. ಮರ ಚೆನ್ನಾಗಿಯೇ ಇದೆ, ಅಂಟು ಹೋಗಿದೆ. ಒಂದು ಕಡೆ ಹೋಗಿದ್ದರೆ ಉಳಿದೆಲ್ಲ ಕಡೆಯೂ ಅನುಮಾನ. ಇಂಥ ಕೆಲಸ ಒಂದು ಚಳಿಗಾಲಕ್ಕೆ ಮುಗಿಯುವುದಿಲ್ಲ.

ಈ ಅಂಟಿಗೂ ಒಂದು ಚರಿತ್ರೆಯಿದೆ. ಮೊದಲಿನ ಗ್ಲೈಡರುಗಳನ್ನು ಕಟ್ಟಿದ್ದು ಕೇಸೀನ್ ಅಂಟಿನಿಂದ. ಹಾಲು ಒಡೆದಾಗ ಗಟ್ಟಿಯಾಗಿ ನಿಲ್ಲುವ ಭಾಗವನ್ನು ಒಣಗಿಸಿ, ಪುಡಿ ಮಾಡಿ, ಸುಣ್ಣ ಬೆರೆಸಿ ಕಲಸಿದ ಅಂಟು ಅದು. ಒಣಗಿದ್ದಷ್ಟು ಕಾಲ ಅದರಷ್ಟು ನಂಬಿಗಸ್ತ ಇನ್ನೊಂದಿಲ್ಲ. ತೇವ ತಾಕಿತೋ ಬೂಷ್ಟು ಹಿಡಿಯುತ್ತದೆ. 1930ರ ದಶಕದಲ್ಲಿ ಜರ್ಮನಿಯ ಕಾರ್ಖಾನೆಗಳಿಂದ ಕೌರಿಟ್ ಬಂತು. ಯೂರಿಯಾ ಮತ್ತು ಫಾರ್ಮಾಲ್ಡಿಹೈಡ್ ಸೇರಿದ ರಾಳ. ಬೂಷ್ಟಿನ ಕಾಟ ತಪ್ಪಿತು, ಆದರೆ ಬೇರೊಂದು ದೋಷ ನಿಧಾನಕ್ಕೆ ಬೆಳಕಿಗೆ ಬಂತು: ಜೋಡಣೆ ಬಿಗಿಯಾಗಿರದೆ ಅಂಟು ದಪ್ಪವಾಗಿ ನಿಂತ ಕಡೆ ವರ್ಷಗಳು ಕಳೆದಂತೆ ಅದು ಬಿರುಕು ಬಿಟ್ಟು ಪುಡಿಯಾಗುತ್ತದೆ. ಕಟ್ಟಿದ ದಿನ ಕಾಣದ ಬಡಗಿಯ ಅವಸರ ಮೊಮ್ಮಕ್ಕಳ ಕಾಲಕ್ಕೆ ಕಾಣುತ್ತದೆ. ಹಾಗಾಗಿ ಹಳೆಯ ಮರದ ಗ್ಲೈಡರ್ ಹಾರಿಸುವವರು ಕಾಲಕಾಲಕ್ಕೆ ಅದರ ಸಂದುಗಳನ್ನು ಪರೀಕ್ಷಿಸಿ, ಅಂಟು ಗಟ್ಟಿಯಿದೆ ಎಂದು ಖಾತ್ರಿ ಮಾಡಿಕೊಳ್ಳಲೇಬೇಕು.

ಕೆಟ್ಟ ಹಲಗೆ ತೆಗೆದು ಹೊಸದನ್ನು ಸೇರಿಸುವುದನ್ನು ಹತ್ತಿರ ನಿಂತು ನೋಡಬೇಕು. ಪ್ಲೈವುಡ್ಡಿನ ದಪ್ಪ ಒಂದು ಮಿಲಿಮೀಟರ್. ಅಂಚಿಗೆ ಅಂಚು ತಾಗಿಸಿ ಅಂಟಿಸಿದರೆ ನಿಲ್ಲುವುದಿಲ್ಲ. ಹಳೆಯದರ ಅಂಚನ್ನೂ ಹೊಸದರ ಅಂಚನ್ನೂ ಓರೆಯಾಗಿ ತೀಡಿ, ಒಂದರ ಮೇಲೊಂದು ಕೂರಿಸಬೇಕು. ಓರೆಯ ಉದ್ದ ದಪ್ಪದ ಹನ್ನೆರಡರಿಂದ ಹದಿನೈದು ಪಟ್ಟು. ಅಂದರೆ ಒಂದು ಮಿಲಿಮೀಟರ್ ದಪ್ಪ ಸವೆಯುತ್ತಾ ಸವೆಯುತ್ತಾ ಸೊನ್ನೆಗೆ ಬರುವಷ್ಟರಲ್ಲಿ ಕೈ ಒಂದೂವರೆ ಸೆಂಟಿಮೀಟರ್ ಸಾಗಿರಬೇಕು. ಸ್ಯಾಂಡ್ ಪೇಪರ್ ಸುತ್ತಿದ ಮರದ ತುಂಡು ಒಂದೇ ಹದದಲ್ಲಿ ಹೋಗಿ ಬರುತ್ತದೆ. ಪ್ಲೈವುಡ್ಡಿನ ಮೂರು ಪದರಗಳೂ ಅವುಗಳ ನಡುವಿನ ಅಂಟಿನ ಗೆರೆಗಳೂ ಆ ಇಳಿಜಾರಿನಲ್ಲಿ ಪಟ್ಟೆಗಳಾಗಿ ಮೂಡುತ್ತವೆ. ಪಟ್ಟೆ ನೆಟ್ಟಗೆ, ಸಮ ಅಗಲಕ್ಕೆ ಇದ್ದರೆ ಓರೆ ಸರಿಯಿದೆ. ಡೊಂಕಾಗಿದ್ದರೆ ಕೈ ಎಲ್ಲೋ ಭಾರವಾಗಿ ಬಿದ್ದಿದೆ. ಅಳೆಯಲು ಬೇರೆ ಯಂತ್ರ ಬೇಡ, ಮರವೇ ಹೇಳುತ್ತದೆ.

ಆಮೇಲೆ ಎರಡೂ ಮುಖಕ್ಕೆ ಅಂಟು ಹಚ್ಚಿ ಕೂರಿಸಿ, ಮೇಲೊಂದು ತೆಳು ಮರದ ಪಟ್ಟಿ ಇಟ್ಟು, ಪಟ್ಟಿಯ ಮೂಲಕ ಸಾಲಾಗಿ ಸಣ್ಣ ಮೊಳೆ ಹೊಡೆಯುತ್ತಾರೆ. ಅಂಟು ಗಟ್ಟಿಯಾದ ಮರುದಿನ ಪಟ್ಟಿಯನ್ನೂ ಮೊಳೆಗಳನ್ನೂ ಕಿತ್ತು ಬಿಸಾಡುತ್ತಾರೆ. ಅವುಗಳ ಕೆಲಸ ರಾತ್ರಿಯಿಡೀ ಒತ್ತಿ ಹಿಡಿಯುವುದಷ್ಟೆ. ಆಕಾಶದಲ್ಲಿ ಭಾರ ಹೊರುವುದು ಅಂಟು. ರೆಕ್ಕೆಯ ಮುಂಚೂಣಿಯಲ್ಲಿ ಹಲಗೆ ದುಂಡಗೆ ಬಾಗಬೇಕಾದ ಕಡೆ ಅದನ್ನು ಮೊದಲು ಬಿಸಿನೀರಿನಲ್ಲಿ ನೆನೆಸಿ, ಅಚ್ಚಿಗೆ ಕಟ್ಟಿ ಒಣಗಲು ಬಿಡುತ್ತಾರೆ. ಅವಸರಪಟ್ಟು ಬಗ್ಗಿಸಿದವರಿಗೆ ಸಿಗುವುದು ‘ಚಟ್’ ಎಂಬ ಸದ್ದು, ಎರಡು ಹೋಳು.

ಇಷ್ಟೆಲ್ಲ ಪಾಡು ಪಡುವಂಥದ್ದು ಇವುಗಳಲ್ಲಿ ಏನಿದೆ ಎಂದು ಕೇಳಿದರೆ, ಉತ್ತರಕ್ಕೆ ರೋನ್ ಗುಡ್ಡಗಳ ವಾಸರ್‌ಕುಪ್ಪೆ ಹತ್ತಬೇಕು. ಜರ್ಮನಿಯ ಹೆಸ್ಸೆ ರಾಜ್ಯದ ಅತಿ ಎತ್ತರದ ಬೆಟ್ಟ ಅದು, 950 ಮೀಟರ್. ಬೋಳು ನೆತ್ತಿ, ನಾಲ್ಕೂ ಕಡೆ ಹುಲ್ಲಿನ ಇಳಿಜಾರು, ಸದಾ ಗಾಳಿ. ಮೊದಲ ಮಹಾಯುದ್ಧ ಸೋತ ಜರ್ಮನಿಗೆ ವರ್ಸೇ ಒಪ್ಪಂದ ಎಂಜಿನ್ ವಿಮಾನಗಳ ಬಾಗಿಲು ಮುಚ್ಚಿತ್ತು. ಎಂಜಿನ್ ಇಲ್ಲದೆ ಹಾರಬಾರದೆಂದು ಮಾತ್ರ ಅದರಲ್ಲಿ ಬರೆದಿರಲಿಲ್ಲ. ‘ಫ್ಲುಗ್‌ಸ್ಪೋರ್ಟ್’ ಪತ್ರಿಕೆಯ ಸಂಪಾದಕ ಆಸ್ಕರ್ ಉರ್ಸಿನಸ್ ಕರೆ ಕೊಟ್ಟರು. 1920ರ ಬೇಸಿಗೆಯಲ್ಲಿ ವಿದ್ಯಾರ್ಥಿಗಳು, ಮಾಜಿ ಪೈಲಟ್‌ಗಳು ತಾವೇ ಕಟ್ಟಿದ ಗ್ಲೈಡರುಗಳನ್ನು ಹೊತ್ತು ಈ ಬೆಟ್ಟಕ್ಕೆ ಬಂದರು. ಆ ವರ್ಷ ವೋಲ್ಫ್‌ಗಾಂಗ್ ಕ್ಲೆಂಪೆರರ್ ಎರಡು ನಿಮಿಷ ಚಿಲ್ಲರೆ ಹೊತ್ತು ಗಾಳಿಯಲ್ಲಿದ್ದದ್ದೇ ದೊಡ್ಡ ಸುದ್ದಿ. ಅದೇ ಕೂಟದಲ್ಲಿ ಓಯ್ಗೆನ್ ಫಾನ್ ಲೋಸ್ಲ್ ಬಿದ್ದು ಸತ್ತದ್ದೂ ಹೌದು.

ಎರಡೇ ವರ್ಷ. 1922ರ ಆಗಸ್ಟ್‌ನಲ್ಲಿ ಹಾನೋವರ್ ವಿದ್ಯಾರ್ಥಿಗಳ ‘ವಾಂಪೈರ್’ ಒಂದು ಗಂಟೆ ಮೀರಿ ಹಾರಿತು. ಕೆಲವೇ ದಿನಗಳಲ್ಲಿ ಅದೇ ಗ್ಲೈಡರಿನಲ್ಲಿ ಮೂರು ಗಂಟೆಯೂ ದಾಟಿತು. ಬೆಟ್ಟಕ್ಕೆ ಬಡಿದು ಮೇಲೇಳುವ ಗಾಳಿಯ ಮೇಲೆ ಕುಳಿತು ಮನುಷ್ಯ ಬೇಕಾದಷ್ಟು ಹೊತ್ತು ಇರಬಲ್ಲ ಎಂಬುದು ಅಂದು ಖಚಿತವಾಯಿತು. ವಾಂಪೈರ್‌ನ ರೆಕ್ಕೆಯಲ್ಲಿ ಒಂದೇ ಒಂದು ಸ್ಪಾರ್, ಅಂದರೆ ರೆಕ್ಕೆಯ ಉದ್ದಕ್ಕೂ ಓಡುವ ತೊಲೆ. ಅದರ ಮುಂದೆ ಪ್ಲೈವುಡ್ ಸುತ್ತಿ ಮಾಡಿದ ಕೊಳವೆ ರೆಕ್ಕೆ ತಿರುಚದಂತೆ ತಡೆಯುತ್ತಿತ್ತು. ಮುಂದಿನ ಮೂವತ್ತು ವರ್ಷದ ಬಹುಪಾಲು ಮರದ ಗ್ಲೈಡರುಗಳು ಈ ದಾರಿಯಲ್ಲೇ ನಡೆದವು. ಇಳಿಯುವ ಚಕ್ರಗಳ ಜಾಗದಲ್ಲಿ ಅದಕ್ಕಿದ್ದದ್ದು ಮೂರು ಚರ್ಮದ ಫುಟ್‌ಬಾಲು!

ಈ ಕಥೆಗೆ ಇನ್ನೊಂದು ಮುಖವೂ ಇದೆ. 1933ರ ನಂತರ ನಾಜಿ ಸರ್ಕಾರ ಗ್ಲೈಡಿಂಗನ್ನು ತನ್ನ ಕೈಗೆ ತೆಗೆದುಕೊಂಡಿತು. ಬೆಟ್ಟದ ಮೇಲೆ ಗಾಳಿ ಕಲಿತ ಹುಡುಗರು ಬಾಂಬರು, ಫೈಟರುಗಳಿಗೆ ಹೋದರು. ಸಂದೂಕದಂಥ ಕಾಕ್‌ಪಿಟ್ಟೂ ಇಲ್ಲದ, ಬರೀ ಮರದ ಚೌಕಟ್ಟಿನ ಮೇಲೆ ಕುಳಿತು ಹಾರುವ ‘ಎಸ್‌ಜಿ 38’ ಎಂಬ ಶಾಲಾ ಗ್ಲೈಡರ್ ಸಾವಿರಗಟ್ಟಲೆ ತಯಾರಾದದ್ದು ಈ ತರಬೇತಿಗೆ. ಆ ಬಾಲಗಳ ಮೇಲೆ ಇದ್ದ ಸ್ವಸ್ತಿಕವನ್ನು ಇವತ್ತಿನ ದುರಸ್ತಿದಾರರು ಜರ್ಮನಿಯಲ್ಲಿ ಸಾಮಾನ್ಯವಾಗಿ ಬರೆಯುವಂತಿಲ್ಲ, ಕಾನೂನು ಬಿಡುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಉಳಿಸಬೇಕೆನ್ನುವವರಿಗೂ ಇಲ್ಲೊಂದು ಗೆರೆ ಇದೆ.

1945ರಲ್ಲಿ ಗೆದ್ದವರು ಗ್ಲೈಡಿಂಗನ್ನೂ ನಿಷೇಧಿಸಿದರು. ಗ್ಲೈಡರುಗಳನ್ನು ಮುರಿದರು, ಸುಟ್ಟರು, ಕೆಲವನ್ನು ತಮ್ಮ ದೇಶಕ್ಕೆ ಸಾಗಿಸಿದರು. ಇನ್ನು ಕೆಲವನ್ನು ಹಾರಿಸುತ್ತಿದ್ದವರೇ ರೈತರ ಹುಲ್ಲಿನ ಮನೆಗಳಲ್ಲಿ ಅಡಗಿಸಿಟ್ಟರು. ನಿಷೇಧ ಸಡಿಲವಾದದ್ದು 1951ರಲ್ಲಿ. ಅಷ್ಟರಲ್ಲಿ ಮತ್ತೊಂದು ಬದಲಾವಣೆ ಹತ್ತಿರ ಬರುತ್ತಿತ್ತು. 1957ರಲ್ಲಿ ಸ್ಟುಟ್‌ಗಾರ್ಟಿನ ವಿದ್ಯಾರ್ಥಿಗಳ ‘ಫೀನಿಕ್ಸ್’ ಹಾರಿತು. ಗಾಜಿನ ನಾರು ಮತ್ತು ರಾಳದಿಂದ ಮಾಡಿದ ಮೊದಲ ಗ್ಲೈಡರ್. ಅದರ ರೆಕ್ಕೆಯಷ್ಟು ನುಣುಪು ಮರದಲ್ಲಿ ಸಾಧ್ಯವಿಲ್ಲ. ಮುಂದಿನ ಒಂದೆರಡು ದಶಕಗಳಲ್ಲಿ ಮರದ ಗ್ಲೈಡರ್ ಎಂದರೆ ಕ್ಲಬ್ಬಿನ ಶೆಡ್ಡಿನಲ್ಲಿ ಜಾಗ ತಿನ್ನುವ ಹಳೇ ಸಾಮಾನು ಎಂಬಂತಾಯಿತು. ಯುದ್ಧದ ಬೆಂಕಿ ತಪ್ಪಿಸಿಕೊಂಡ ಎಷ್ಟೋ ಗ್ಲೈಡರುಗಳು ಕ್ಲಬ್ಬಿನವರೇ ಹಚ್ಚಿದ ಬೆಂಕಿಗೆ ಹೋದವು.

ಅದನ್ನು ತಡೆದವರಲ್ಲಿ ಮೊದಲಿಗರು ಇಂಗ್ಲೆಂಡಿನ ಕ್ರಿಸ್ ವಿಲ್ಸ್. ತಂದೆ ಫಿಲಿಪ್ ವಿಲ್ಸ್ 1952ರ ವಿಶ್ವ ಗ್ಲೈಡಿಂಗ್ ಚಾಂಪಿಯನ್. ಮಗ ಹಳೆಯ ಗ್ಲೈಡರುಗಳ ಬೆನ್ನು ಹತ್ತಿದವರು. 1973ರಲ್ಲಿ ಅವರು ವಿಂಟೇಜ್ ಗ್ಲೈಡರ್ ಕ್ಲಬ್ ಕಟ್ಟಿದರು. ಯಾರ ಕೊಟ್ಟಿಗೆಯಲ್ಲಿ ಯಾವ ರೆಕ್ಕೆ ಇದೆ, ಯಾರ ಪೆಟ್ಟಿಗೆಯಲ್ಲಿ ಯಾವ ನಕ್ಷೆ ಇದೆ ಎಂಬುದು ಒಬ್ಬರಿಂದೊಬ್ಬರಿಗೆ ದಾಟತೊಡಗಿತು. ಮರುವರ್ಷ ಅಮೆರಿಕದಲ್ಲೂ ಅಂಥದೇ ಸಂಘ ಹುಟ್ಟಿತು. ವಾಸರ್‌ಕುಪ್ಪೆಯ ಮೇಲೆ ಗ್ಲೈಡರ್ ಮ್ಯೂಸಿಯಂ ಇದೆ. ಅಲ್ಲೇ ಹಳೆಯವನ್ನು ದುರಸ್ತಿ ಮಾಡಿ ಹಾರಿಸುವ ಕ್ಲಬ್ಬೂ ಇದೆ. ಹ್ಯಾಂಪ್‌ಶೈರ್‌ನ ಲಾಶಮ್ ವಿಮಾನ ನಿಲ್ದಾಣದಲ್ಲಿ 2013ರಲ್ಲಿ ಗ್ಲೈಡಿಂಗ್ ಹೆರಿಟೇಜ್ ಸೆಂಟರ್ ಬಾಗಿಲು ತೆರೆಯಿತು. ನಿಲ್ಲಿಸಿಟ್ಟದ್ದನ್ನು ನೋಡಿ ಹೋಗುವುದಕ್ಕಿಂತ, ಹೊರತಂದು ಹಾರಿಸುವುದನ್ನು ನೋಡುವುದು ಅಲ್ಲಿನ ಪದ್ಧತಿ.

ಆದರೆ ಹಾರಿಸುವುದು ಸರಿಯೇ? ಈ ಜಗಳ ಎಲ್ಲ ಶೆಡ್ಡುಗಳಲ್ಲೂ ನಡೆಯುತ್ತದೆ. ಹಾರಿಸಬೇಕೆಂದರೆ ಅನುಮಾನವಿರುವ ಪ್ರತಿ ತುಂಡನ್ನೂ ಬದಲಿಸಬೇಕು. ಕಟ್ಟಿದವನ ಕೈಬರಹವಿರುವ ಹಲಗೆ, ಅವನು ಹೊಡೆದ ಹಿತ್ತಾಳೆ ಮೊಳೆ, ಕಾಲು ತಾಗಿ ತಾಗಿ ಸವೆದ ಪೆಡಲ್, ಎಲ್ಲವೂ ಒಂದೊಂದಾಗಿ ಹೋಗುತ್ತವೆ. ಮ್ಯೂಸಿಯಂನವರಿಗೆ ಆ ಹಲಗೆಯೇ ದಾಖಲೆ. ಹಾರಿಸುವವರ ವಾದ ಬೇರೆ: ನೆಲದ ಮೇಲೆ ನಿಂತ ಗ್ಲೈಡರಿನ ಆಕಾರ ಕಾಣುತ್ತದೆ, ನಡತೆ ಕಾಣುವುದಿಲ್ಲ. ಎಷ್ಟು ನಿಧಾನಕ್ಕೆ ಅದು ತೇಲುತ್ತದೆ, ತಿರುಗುವಾಗ ಮೂತಿ ಎತ್ತ ಎಳೆಯುತ್ತದೆ, ಗಾಳಿ ಅದರ ತಂತಿಗಳಲ್ಲಿ ಯಾವ ಸ್ವರ ಹಿಡಿಯುತ್ತದೆ, ಇವು ಹಾರಿದರೆ ಮಾತ್ರ ತಿಳಿಯುವ ಸಂಗತಿಗಳು.

ನಡುವಿನ ದಾರಿಯನ್ನು ಸಂಖ್ಯೆ ಹೇಳಿಕೊಡುತ್ತದೆ. ವಾಂಪೈರ್ ಇರುವುದು ಒಂದೇ. ಅದು ಜರ್ಮನಿಯ ಡಾಯ್ಚೆಸ್ ಮ್ಯೂಸಿಯಂಗೆ ಸೇರಿದ್ದು. ಅದನ್ನು ಹಾರಿಸುವ ಮಾತು ಯಾರೂ ಆಡುವುದಿಲ್ಲ. ಜರ್ಮನ್ ವಿನ್ಯಾಸಕ ವೋಲ್ಫ್ ಹಿರ್ತ್ ಅವರ ‘ಮಿನಿಮೋವಾ’ ಇನ್ನೊಂದು ಬಗೆ. ಹದಿನೇಳು ಮೀಟರ್ ಉದ್ದದ, ಕಡಲಹಕ್ಕಿಯ ಹಾಗೆ ಬುಡದಲ್ಲಿ ಮೇಲಕ್ಕೆದ್ದು ತುದಿಗೆ ಬಾಗುವ ರೆಕ್ಕೆ. 1935ರಿಂದ ನೂರಕ್ಕೆ ಸ್ವಲ್ಪ ಮೇಲೆ ತಯಾರಾದವು, ಉಳಿದದ್ದು ಬೆರಳೆಣಿಕೆ. ಆ ಬಾಗಿದ ಸ್ಪಾರ್ ಮುರಿದರೆ ತೆಳು ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿ ಅದೇ ಬಾಗು ಮತ್ತೆ ತರಬೇಕು. ಎಲ್ಲರಿಗೂ ಬರುವ ಕೆಲಸವಲ್ಲ. ಒಂದನ್ನು ಹಾರಿಸುವವರು ಹತ್ತು ಸಲ ಯೋಚಿಸಿ ಹಾರಿಸುತ್ತಾರೆ.

‘ಗ್ರುನಾವು ಬೇಬಿ’ಗೆ ಈ ಚಿಂತೆಯಿಲ್ಲ. ಎಡ್ಮಂಡ್ ಷ್ನೈಡರ್ 1931ರಲ್ಲಿ ಸೈಲೀಷಿಯಾದ ಗ್ರುನಾವು ಎಂಬ ಊರಿನಲ್ಲಿ ಮಾಡಿದ ಸಾಧು ಗ್ಲೈಡರ್ ಇದು. ಆ ಊರು ಈಗ ಪೋಲೆಂಡಿಗೆ ಸೇರಿದೆ. ಷ್ನೈಡರ್ ಯುದ್ಧದ ನಂತರ ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲೂ ಗ್ಲೈಡರ್ ಕಟ್ಟಿದರು. ಬೇಬಿಯ ರೆಕ್ಕೆ ಹದಿಮೂರೂವರೆ ಮೀಟರ್. ನಕ್ಷೆಯನ್ನೇ ಮಾರಾಟಕ್ಕೆ ಇಟ್ಟಿದ್ದರಿಂದ ನಾನಾ ದೇಶಗಳ ಕ್ಲಬ್ಬಿನವರು ತಮ್ಮ ಶೆಡ್ಡಿನಲ್ಲೇ ಕಟ್ಟಿಕೊಂಡರು. ಒಟ್ಟು ಸಾವಿರಾರು ಹುಟ್ಟಿದವು. ಒಂದರ ರೆಕ್ಕೆ, ಮತ್ತೊಂದರ ಬಾಲ ಸೇರಿಸಿ ಮೂರನೆಯದನ್ನು ಎಬ್ಬಿಸುವುದೂ ಉಂಟು. ಇಷ್ಟು ಹೊಸ ಮರ ಸೇರಿದ ಮೇಲೆ ಅದು ಹಳೆಯದೇ ಎಂದು ಕೇಳುವವರಿಗೆ ನಮ್ಮ ಕರಾವಳಿಯ ತೇರುಗಳನ್ನು ತೋರಿಸಬಹುದು. ಕೋಟೇಶ್ವರದ ರಥಶಿಲ್ಪಿಗಳು ಜೀರ್ಣವಾದ ತೇರಿಗೆ ಬದಲು ಹೊಸ ಮರದಲ್ಲಿ ಶಾಸ್ತ್ರದ ಅಳತೆಗೇ ತೇರು ಕಟ್ಟಿಕೊಟ್ಟರೆ, ಊರಿನವರು ಎಳೆಯುವುದು ನಮ್ಮ ತೇರು ಎಂದೇ. ಮರ ಬದಲಾಯಿತು; ಅಳತೆ ಮತ್ತು ಕಸುಬು ಕೈದಾಟಿ ಬಂದವು.

ಮರಗೆಲಸ ಮುಗಿದ ಮೇಲೆ ಬಟ್ಟೆಯ ಸರದಿ. ಹಿಂದೆ ಹತ್ತಿ ಅಥವಾ ಲಿನನ್, ಈಗ ಹೆಚ್ಚಾಗಿ ಪಾಲಿಯೆಸ್ಟರ್. ಬಟ್ಟೆ ಹೊದಿಸಿ, ಉದ್ದ ಸೂಜಿಗೆ ಮೇಣದ ದಾರ ಪೋಣಿಸಿ ರಿಬ್ಬಿಗೆ ಹೊಲಿಯುತ್ತಾರೆ. ಒಬ್ಬರು ಮೇಲಿನಿಂದ ಚುಚ್ಚಿದರೆ ಕೆಳಗೆ ಕೂತವರು ಸೂಜಿ ಹಿಡಿದು ವಾಪಸ್ ಕಳಿಸಬೇಕು. ಜಗಳವಾಡಿದವರೂ ಮಾತು ಬಿಡುವಂತಿಲ್ಲ. ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿ ಡೋಪ್ ಎಂಬ ವಾರ್ನಿಷ್ ಬಳಿಯುತ್ತಾರೆ. ಮೂಗಿಗೆ ಅಡರುವ ಸಾಲ್ವೆಂಟ್ ವಾಸನೆ; ಕಿಟಕಿ ತೆರೆದಿರಬೇಕು, ಹತ್ತಿರ ಬೆಂಕಿ ಸುಳಿಯಬಾರದು. ಡೋಪ್ ಒಣಗುತ್ತಾ ಹತ್ತಿ ಬಟ್ಟೆಯನ್ನು ಎಳೆದು ಬಿಗಿ ಮಾಡುತ್ತದೆ. ಪಾಲಿಯೆಸ್ಟರ್ ಆದರೆ ಮೊದಲೇ ಇಸ್ತ್ರಿಪೆಟ್ಟಿಗೆ ಆಡಿಸಿ ಬಿಗಿಗೊಳಿಸುತ್ತಾರೆ. ಇಸ್ತ್ರಿ ಹೆಚ್ಚು ಬಿಸಿಯಾದರೆ ಬಟ್ಟೆಯ ಎಳೆತಕ್ಕೆ ಒಳಗಿನ ಕಡ್ಡಿಗಳೇ ಡೊಂಕಾಗಿ, ಚಳಿಗಾಲದ ಕೆಲಸವೆಲ್ಲ ಮತ್ತೆ ಮೊದಲಿಗೆ ಬರುತ್ತದೆ. ಕೊನೆಗೆ ತೂಕ. ಖಾಲಿ ತೂಕ ಎಷ್ಟು, ಭಾರದ ಕೇಂದ್ರ ಎಲ್ಲಿ, ಹಗುರ ಪೈಲಟ್ ಕೂತರೆ ಮುಂದೆ ಎಷ್ಟು ಸೀಸ ಇಡಬೇಕು ಎಂಬ ಲೆಕ್ಕ ಬರೆದು, ಇನ್‌ಸ್ಪೆಕ್ಟರರ ಸಹಿ ಆದ ಮೇಲೆಯೇ ಗ್ಲೈಡರ್ ಬಾಗಿಲು ದಾಟುವುದು.

ಬೇಸಿಗೆಯಲ್ಲಿ ವಾಸರ್‌ಕುಪ್ಪೆಯ ಇಳಿಜಾರಿನ ಮೇಲೆ ಹಳೆಯ ಪದ್ಧತಿಯ ಹಾರಾಟ ನೋಡಲು ಸಿಗುತ್ತದೆ. ಗ್ಲೈಡರಿನ ಮೂತಿಗೆ ದಪ್ಪ ರಬ್ಬರ್ ಹಗ್ಗದ ನಡುಭಾಗ ಸಿಕ್ಕಿಸುತ್ತಾರೆ. ಎರಡು ತುದಿ ಹಿಡಿದು ಎರಡು ಸಾಲು ಜನ ಇಳಿಜಾರಿನ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಹಿಂದೆ ಬಾಲ ಹಿಡಿದವರು, ರೆಕ್ಕೆಯ ತುದಿಗೊಬ್ಬರು. ‘ಎಳೆಯಿರಿ’ ಎಂಬ ಕೂಗಿಗೆ ಸಾಲುಗಳು ನಡೆಯುತ್ತವೆ, ಹಗ್ಗ ಹಿಗ್ಗುತ್ತದೆ. ‘ಓಡಿ’ ಎಂದೊಡನೆ ಎಲ್ಲರೂ ಹುಲ್ಲಿನಲ್ಲಿ ಎದ್ದುಬಿದ್ದು ಓಡುತ್ತಾರೆ. ‘ಬಿಡಿ’ ಎಂದಾಗ ಬಾಲ ಹಿಡಿದವರು ಕೈಬಿಡುತ್ತಾರೆ. ಗ್ಲೈಡರ್ ಓಡುವವರ ತಲೆಯ ಮೇಲೆ ದಾಟಿ, ಹಗ್ಗ ಕಳಚಿಕೊಂಡು ಗಾಳಿಗೆ ಸೇರುತ್ತದೆ. ಒಬ್ಬರನ್ನು ಹಾರಿಸಲು ಹತ್ತಾರು ಜನ ಬೇಕು. ಹಾರಿದವರು ಇಳಿದು ಬಂದು ಮುಂದಿನವರಿಗಾಗಿ ಹಗ್ಗ ಹಿಡಿಯಬೇಕು.

ಈ ಬೆಟ್ಟದ ಗಾಳಿಗೂ ಬೆಂಗಳೂರಿಗೂ ಒಂದು ನಂಟಿದೆ. ಗ್ರುನಾವು ಬೇಬಿಯ ರೆಕ್ಕೆಯ ಅಡ್ಡಸೀಳಿನ ಆಕಾರ ಬಂದದ್ದು ಜರ್ಮನಿಯ ಗ್ಯೋಟಿಂಗನ್ನಿನ ವಾಯುವಿಜ್ಞಾನ ಪ್ರಯೋಗಾಲಯದಿಂದ. ಅಲ್ಲಿ ವಿಜ್ಞಾನಿ ಲುಡ್ವಿಗ್ ಪ್ರಾಂಟ್ಲ್ ಅವರ ಬಳಿ ಡಾಕ್ಟರೇಟ್ ಮಾಡಿ ಬಂದವರು ವಿ.ಎಂ. ಘಾಟಗೆ. ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ (ಎಚ್‌ಎಎಲ್) ಕಾರ್ಖಾನೆ ಶುರುವಾದ ಮರುವರ್ಷ, 1941ರಲ್ಲಿ, ಅವರ ವಿನ್ಯಾಸದ ಜಿ-1 ಗ್ಲೈಡರ್ ಇಲ್ಲಿ ಹಾರಿತು. ಹತ್ತು ಜನ ಸೈನಿಕರನ್ನು ಒಯ್ಯಲೆಂದು ಮಾಡಿದ್ದು. ಎಚ್‌ಎಎಲ್‌ನ ಸ್ವಂತ ವಿನ್ಯಾಸಗಳ ಸಾಲು ಎಂಜಿನ್ ಇಲ್ಲದ ಈ ವಿಮಾನದಿಂದ ಮೊದಲಾಗುತ್ತದೆ.

ಸ್ವಾತಂತ್ರ್ಯದ ನಂತರ ನಾಗರಿಕ ವಿಮಾನಯಾನ ಇಲಾಖೆಯ ತಾಂತ್ರಿಕ ಕೇಂದ್ರ ದೆಹಲಿಯಲ್ಲಿ ನಮ್ಮದೇ ಗ್ಲೈಡರುಗಳನ್ನು ರೂಪಿಸಿತು. ಹೆಸರಿಟ್ಟದ್ದು ನಕ್ಷತ್ರಗಳಿಂದ: ಅಶ್ವಿನಿ, ಭರಣಿ, ಕಾರ್ತಿಕ್, ರೋಹಿಣಿ, ಮೃಗಶಿರ, ಮುಂದೆ ಆರ್ದ್ರಾ. 1961ರಲ್ಲಿ ಮೊದಲು ಹಾರಿದ ರೋಹಿಣಿಯಲ್ಲಿ ಗುರು ಶಿಷ್ಯರು ಅಕ್ಕಪಕ್ಕ ಕೂರುತ್ತಿದ್ದರು. ಮರದಿಂದ ಮಾಡಿದ ಈ ತರಬೇತಿ ಗ್ಲೈಡರುಗಳು ನೂರಕ್ಕೂ ಹೆಚ್ಚು ತಯಾರಾಗಿ ದೇಶದ ಕ್ಲಬ್ಬುಗಳಿಗೆ ಹೋದವು.

ಮರದ ಗ್ಲೈಡರಿಗೆ ನಮ್ಮ ಹವೆ ಯುರೋಪಿಗಿಂತ ಕಠಿಣ. ಏಪ್ರಿಲ್‌ನಲ್ಲಿ ಒಣಗಿ ಕುಗ್ಗುವ ಮರ ಜುಲೈನಲ್ಲಿ ತೇವ ಹೀರಿ ಹಿಗ್ಗುತ್ತದೆ; ವರ್ಷ ವರ್ಷವೂ ಈ ಎಳೆದಾಟ ಅಂಟಿನ ಗೆರೆಯ ಮೇಲೆ. ಜೊತೆಗೆ ಗೆದ್ದಲು. ಅಂಥ ಗ್ಲೈಡರೊಂದಕ್ಕೆ ಹೊಳೆಯುವ ಬಣ್ಣ ಬಳಿದು, ಕಟ್ಟೆಯ ಮೇಲೆ ಬಿಸಿಲು ಮಳೆಗೆ ನಿಲ್ಲಿಸಿ ಫಲಕ ಹಾಕಿದರೆ ಗೌರವಿಸಿದಂತೆ ಕಾಣುತ್ತದೆ. ನಾಲ್ಕಾರು ಮುಂಗಾರಿನಲ್ಲಿ ಬಣ್ಣದೊಳಗೆ ಮರ ಕರಗಿರುತ್ತದೆ. ಲೋಹದ ವಿಮಾನ ಅದನ್ನು ತಡೆದುಕೊಂಡೀತು, ಪ್ಲೈವುಡ್ ತಡೆಯದು. ಅದಕ್ಕೆ ಬೇಕಾದದ್ದು ಸೂರು, ಗಾಳಿಯಾಡುವ ಒಣ ಜಾಗ, ವರ್ಷಕ್ಕೊಮ್ಮೆ ಉಗುರಿನಿಂದ ತಟ್ಟಿ ಕೇಳುವ ಒಬ್ಬರು.

ಆ ಒಬ್ಬರನ್ನು ತಯಾರು ಮಾಡುವುದೇ ಸಂರಕ್ಷಣೆಯ ಮೊದಲ ಖರ್ಚಾಗಬೇಕು. ನಕ್ಷೆಯನ್ನು ಸ್ಕ್ಯಾನ್ ಮಾಡಿ ಇಡಬಹುದು, ಸ್ಪ್ರೂಸ್ ತರಿಸಬಹುದು, ಅಂಟು ಅಂಗಡಿಯಲ್ಲಿ ಸಿಗುತ್ತದೆ. ಒಂದು ಮಿಲಿಮೀಟರ್ ಹಲಗೆಯನ್ನು ಒಂದೂವರೆ ಸೆಂಟಿಮೀಟರಿನ ಓರೆಗೆ ತೀಡುವುದು ಮಾತ್ರ ಬಲ್ಲವರ ಪಕ್ಕ ನಿಂತು, ನಾಲ್ಕು ಹಲಗೆ ಹಾಳು ಮಾಡಿಯೇ ಕಲಿಯಬೇಕು. ರೋನ್ ಗುಡ್ಡದವರು ತಮ್ಮ ಹುಡುಗರಿಗೆ ಆ ನಾಲ್ಕು ಹಲಗೆಯನ್ನು ಹಾಳು ಮಾಡಲು ಬಿಡುತ್ತಾರೆ. ಅವರ ಗ್ಲೈಡರುಗಳು ಇನ್ನೂ ಹಾರುತ್ತಿರುವುದು ಅದರಿಂದ.